ಮೇಸ್ತ್ರಿಯ ತುಂಡು, ರಿಕ್ರೂಟರ್‌ ಮೇಲ್

ಗಚ್ಚಿಬೌಲಿಯಲ್ಲಿ ಕಾಂಟ್ರಾಕ್ಟ್ ಕೆಲಸ ಹುಡುಕಿದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಕಂಪನಿ ಒಂದೇ, ಕೆಲಸವೂ ಒಂದೇ, ಫೋನ್ ಮಾಡುವವರು ಮಾತ್ರ ಐದು ಜನ. ಒಬ್ಬರು ಕಂಪನಿಯ ಹೆಸರು ಬಾಯಿ ಬಿಡುವುದಿಲ್ಲ. ‘ದೊಡ್ಡ ಕ್ಲೈಂಟ್, ಫೈನಾನ್ಷಿಯಲ್ ಡಿಸ್ಟ್ರಿಕ್ಟ್‌ನಲ್ಲೇ ಇದೆ, ರೆಸ್ಯೂಮೆ ಕಳಿಸಿ’ ಎನ್ನುತ್ತಾರೆ. ಇನ್ನೊಬ್ಬರು ಅದೇ ಕೆಲಸಕ್ಕೆ ಹತ್ತು ಸಾವಿರ ಹೆಚ್ಚು ಕೊಡಿಸುತ್ತೇನೆ ಎನ್ನುತ್ತಾರೆ. ಮೂರನೆಯವರು ಕೇಳುವ ಗೋಜಿಗೇ ಹೋಗದೆ, ಜಾಬ್ ಪೋರ್ಟಲ್‌ನಲ್ಲಿ ಸಿಕ್ಕ ರೆಸ್ಯೂಮೆಯನ್ನು ಎತ್ತಿ ಕಳಿಸಿಬಿಟ್ಟಿರುತ್ತಾರೆ. ವಾರ ಕಳೆದ ಮೇಲೆ ಉತ್ತರ ಬರುತ್ತದೆ: ‘ಡುಪ್ಲಿಕೇಟ್ ಪ್ರೊಫೈಲ್’. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಇದು ನಡೆಯುವ ಬಗೆ ಹೀಗೆ. ದೊಡ್ಡ ಕಂಪನಿಗಳು ತಾತ್ಕಾಲಿಕ ಕೆಲಸಗಾರರನ್ನು ನೇರವಾಗಿ ತೆಗೆದುಕೊಳ್ಳುವುದು ಕಡಿಮೆ. ಬೇಕಾದ ಹುದ್ದೆಯ ವಿವರವನ್ನು ಒಂದಷ್ಟು ವೆಂಡರ್‌ಗಳಿಗೆ ಒಟ್ಟಿಗೇ ಕಳಿಸುತ್ತವೆ. ಆ ವೆಂಡರ್‌ಗಳು ತಮ್ಮ ಕೆಳಗಿನ ಸಣ್ಣ ಏಜೆನ್ಸಿಗಳಿಗೆ ದಾಟಿಸುತ್ತಾರೆ. ಯಾರು ಮೊದಲು ಹೆಸರು ಹಾಕುತ್ತಾರೋ ಆ ಅಭ್ಯರ್ಥಿ ಅವರವನು, ಅವನ ಮೇಲಿನ ಕಮಿಷನ್ನೂ ಅವರದು. ಒಂದೇ ಹೆಸರು ಇಬ್ಬರಿಂದ ಬಂದರೆ ಕೆಲವು ಕಂಪನಿಗಳು ಗಡಿಯಾರ ನೋಡಿ ಮೊದಲು ಬಂದದ್ದನ್ನು ಇಟ್ಟುಕೊಳ್ಳುತ್ತವೆ. ಕೆಲವು, ನಾಳೆ ಇಬ್ಬರೂ ಕಮಿಷನ್ ಕೇಳಿಕೊಂಡು ಬಂದಾರೆಂದು ಹೆಸರನ್ನೇ ಕಿತ್ತುಹಾಕುತ್ತವೆ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತದೆ ಗಾದೆ. ಇಲ್ಲಿ ನಷ್ಟ ಆಗುವುದೇ ಮೂರನೆಯವನಿಗೆ.

ಇದೆಲ್ಲ ಐಟಿ ಬಂದ ಮೇಲೆ ಶುರುವಾದ ಪೀಡೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ‘ಈ ಮನುಷ್ಯನನ್ನು ತಂದವರು ಯಾರು?’ ಎಂಬ ಜಗಳಕ್ಕೆ ದಕ್ಷಿಣ ಭಾರತದಲ್ಲಿ ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದರ ಒಂದು ದೊಡ್ಡ ಅಧ್ಯಾಯ ನಮ್ಮದೇ ಕೊಡಗು, ಚಿಕ್ಕಮಗಳೂರು, ಕೋಲಾರಗಳಲ್ಲಿ ನಡೆದದ್ದು.

ಮೊದಲು ಹೆಸರುಗಳನ್ನು ನೋಡೋಣ. ಮೇಸ್ತ್ರಿ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದ ಮಾತು. ಮುಕಾದಂ ಅರಬ್ಬಿಯಿಂದ ಬಂದದ್ದು, ಮುಂದೆ ನಿಂತವನು ಎಂದರ್ಥ. ಕಂಗಾಣಿ ತಮಿಳು, ಕಣ್ಣಿಟ್ಟು ನೋಡಿಕೊಳ್ಳುವವನು. ಮುಂಬೈ ಗಿರಣಿಗಳಲ್ಲಿ ಇವನೇ ಜಾಬರ್, ಕಲ್ಕತ್ತದ ಸೆಣಬಿನ ಗಿರಣಿಗಳಲ್ಲಿ ಸರ್ದಾರ. ನಿಜಾಮರ ಸೀಮೆಯಲ್ಲಿ ಗುತ್ತೆ ಹಿಡಿದವರು ಗುತ್ತೇದಾರರಾದರು. ಕಲಬುರಗಿ ಕಡೆ ಅದು ಇವತ್ತಿಗೂ ಮನೆತನದ ಹೆಸರಾಗಿ ಉಳಿದಿದೆ. ಇಷ್ಟು ಭಾಷೆಗಳಲ್ಲಿ ಇಷ್ಟು ಹೆಸರುಗಳಿದ್ದರೂ ಕೆಲಸ ಒಂದೇ: ದುಡಿಯುವವನಿಗೂ ದುಡಿಸಿಕೊಳ್ಳುವವನಿಗೂ ನಡುವೆ ನಿಂತು ಎರಡೂ ಕಡೆಯಿಂದ ಪಡೆಯುವುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದ ನಮ್ಮ ಹಿರಿಯರಿಗೆ ಈ ನಡುವಿನವನ ಪರಿಚಯ ಚೆನ್ನಾಗಿಯೇ ಇತ್ತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕೊಡಗಿನಲ್ಲೂ ಮೈಸೂರಿನ ಮಲೆನಾಡಿನಲ್ಲೂ ಯುರೋಪಿಯನ್ ಪ್ಲಾಂಟರುಗಳ ಕಾಫಿ ತೋಟಗಳು ಹಬ್ಬತೊಡಗಿದವು. ತೋಟ ಇದ್ದಲ್ಲಿ ಆಳುಗಳಿರಲಿಲ್ಲ. ಆಳುಗಳಿದ್ದದ್ದು ಘಟ್ಟದ ಕೆಳಗಿನ ದಕ್ಷಿಣ ಕನ್ನಡದಲ್ಲಿ, ಮೈಸೂರಿನ ಬಯಲು ಸೀಮೆಯಲ್ಲಿ, ತಮಿಳು ಜಿಲ್ಲೆಗಳಲ್ಲಿ. ಪ್ಲಾಂಟರಿಗೆ ಆ ಊರುಗಳ ಪರಿಚಯವಿಲ್ಲ, ಭಾಷೆ ಬಾರದು. ಹಾಗಾಗಿ ಅವನು ಮೇಸ್ತ್ರಿಯ ಕೈಗೆ ಹಣ ಕೊಟ್ಟ. ಮೇಸ್ತ್ರಿ ಊರಿಗೆ ಹೋಗಿ ಮನೆಮನೆಗೆ ಮುಂಗಡ ಹಂಚಿದ. ಮದುವೆ ಇತ್ತು, ಸಾಲ ಇತ್ತು, ಮಳೆ ಕೈಕೊಟ್ಟಿತ್ತು. ಜನ ಮುಂಗಡ ತೆಗೆದುಕೊಂಡು ಘಟ್ಟ ಹತ್ತಿದರು. ತೋಟದಲ್ಲಿ ಮೇಸ್ತ್ರಿಗೆ ತಲೆಗೆ ಇಷ್ಟು ಎಂದು ಕಮಿಷನ್. ಅವನು ಕರೆತಂದವರು ಎಷ್ಟು ದಿನ ದುಡಿದರೋ ಅಷ್ಟಕ್ಕೂ ಅವನ ಪಾಲು ಇತ್ತು. ಇಂದಿನ ಸ್ಟಾಫಿಂಗ್ ಏಜೆನ್ಸಿ ಪ್ರತಿ ತಿಂಗಳ ಬಿಲ್ಲಿನ ಮೇಲೆ ಇಡುವ ಮಾರ್ಜಿನ್ ಇದರದೇ ಮೊಮ್ಮಗ.

ಮುಂಗಡ ಪಡೆದವನು ಬಾರದೆ ಹೋದರೆ? ಅದಕ್ಕೆ 1859ರ 13ನೇ ಕಾಯ್ದೆ ಇತ್ತು. ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದು. ಅವರು ಹಣ ವಾಪಸ್ ಕೊಡು ಅಥವಾ ಕೆಲಸ ಮಾಡು ಎಂದು ಆಜ್ಞೆ ಮಾಡುತ್ತಾರೆ. ಮೀರಿದರೆ ಮೂರು ತಿಂಗಳವರೆಗೆ ಜೈಲು. ಸಾಲ ತೀರಿಸದ ಸಾಹುಕಾರನ ಮೇಲೆ ಸಿವಿಲ್ ದಾವೆ, ಮುಂಗಡ ತೀರಿಸದ ಕೂಲಿಗೆ ಸೆರೆಮನೆ. ಈ ಕಾಯ್ದೆ ದೇಶದ ಮಟ್ಟದಲ್ಲಿ ರದ್ದಾದದ್ದು 1926ರಲ್ಲಿ. ಕೊಡಗಿನಲ್ಲಿ ಅದೇ ಬಗೆಯ ಒಂದು ಸ್ಥಳೀಯ ಕಾನೂನು 1931ರವರೆಗೂ ಉಸಿರಾಡಿಕೊಂಡಿತ್ತು.

ಈಗ ನಮ್ಮ ವಿಷಯಕ್ಕೆ ಬರೋಣ. ತೋಟಗಳು ಹೆಚ್ಚಿದಂತೆ ಒಂದೇ ಊರಿಗೆ ನಾಲ್ಕಾರು ಮೇಸ್ತ್ರಿಗಳು ಬರತೊಡಗಿದರು. ಒಬ್ಬ ಮೇಸ್ತ್ರಿ ಎರಡು ತೋಟಗಳಿಂದ ಮುಂಗಡ ಎತ್ತಿದ. ಒಬ್ಬ ಆಳು ಇಬ್ಬರು ಮೇಸ್ತ್ರಿಗಳಿಂದ ಪಡೆದ. ಸುಗ್ಗಿಯ ಹೊತ್ತಿಗೆ ಎರಡು ತೋಟದವರೂ ‘ಇವನು ನಮ್ಮವನು’ ಎಂದು ನಿಂತರು. ಇಂದಿನ ‘ಡುಪ್ಲಿಕೇಟ್ ಪ್ರೊಫೈಲ್’ ಅಂದು ‘ಎರಡು ಮುಂಗಡ’ದ ರೂಪದಲ್ಲಿತ್ತು. ಪ್ಲಾಂಟರುಗಳು ಒಬ್ಬರ ಮೇಲೊಬ್ಬರು ದೂರು ಹೇಳಿಕೊಂಡರು. 1893ರಲ್ಲಿ ದಕ್ಷಿಣ ಭಾರತದ ಪ್ಲಾಂಟರುಗಳೆಲ್ಲ ಸೇರಿ ‘ಉಪಾಸಿ’ ಎಂಬ ಸಂಘ ಕಟ್ಟಿಕೊಂಡರು. ಆಳು ಮತ್ತು ಮುಂಗಡದ ಗೊಂದಲವೇ ಅದರ ಸಭೆಗಳ ಮುಖ್ಯ ತಲೆನೋವುಗಳಲ್ಲೊಂದು. 1903ರಲ್ಲಿ ಮದ್ರಾಸ್ ಸರ್ಕಾರ ಪ್ಲಾಂಟರುಗಳ ಆಳುಗಳಿಗೆಂದೇ ಒಂದು ಕಾಯ್ದೆ ತಂದಿತು. ಮುಂದೆ ಉಪಾಸಿ ತನ್ನದೇ ಒಂದು ಕಾರ್ಮಿಕ ಇಲಾಖೆಯನ್ನೂ ತೆರೆದು, ಮೇಸ್ತ್ರಿಗಳ ಲೆಕ್ಕ ಇಡತೊಡಗಿತು.

ಗಮನಿಸಬೇಕಾದ ಮಾತು ಇದು: ಗೊಂದಲ ಎದ್ದದ್ದು ತೋಟಗಳ ಪೈಪೋಟಿಯಿಂದ. ಕಾನೂನಿನ ಕೋಲು ಮಾತ್ರ ಬಿದ್ದದ್ದು ಆಳಿನ ಬೆನ್ನಿಗೆ.

ಅದೇ ಕಾಲದಲ್ಲಿ ಸಮುದ್ರದಾಚೆ, ಸಿಲೋನಿನ ಚಹಾ ತೋಟಗಳಲ್ಲಿ, ಈ ಜಗಳಕ್ಕೆ ಇನ್ನೂ ಜಾಣ ಉಪಾಯ ಕಂಡುಕೊಂಡಿದ್ದರು. ಅದರ ಹೆಸರು ‘ತುಂಡು’. ತಮಿಳಿನಲ್ಲೂ ಕನ್ನಡದಲ್ಲೂ ಅರ್ಥವಾಗುವ ಮಾತು, ಒಂದು ಕಾಗದದ ತುಂಡು. ಕಂಗಾಣಿಯೂ ಅವನ ಕಡೆಯ ಆಳುಗಳೂ ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋಗಬೇಕೆಂದರೆ ತೋಟದ ದೊರೆ ತುಂಡು ಬರೆದು ಕೊಡುತ್ತಿದ್ದ: ಇವರ ಮೇಲೆ ಇಷ್ಟು ಸಾಲ ಇದೆ, ಅಷ್ಟು ಕಟ್ಟಿದರೆ ಇವರನ್ನು ಬಿಟ್ಟುಕೊಡುತ್ತೇನೆ. ಕಂಗಾಣಿ ಆ ತುಂಡನ್ನು ಹಿಡಿದುಕೊಂಡು ತೋಟದಿಂದ ತೋಟಕ್ಕೆ ಅಲೆದು ಬೆಲೆ ಕೂಗಿಸುತ್ತಿದ್ದ. ಹೊಸ ತೋಟದವನು ಹಳೆಯ ಸಾಲ ತೀರಿಸಿ ಮೇಲೊಂದಷ್ಟು ಕೊಡುತ್ತಿದ್ದ. ಆ ಮೇಲಿನದು ಕಂಗಾಣಿಯ ಜೇಬಿಗೆ, ಸಾಲ ಮಾತ್ರ ಆಳುಗಳ ತಲೆಗೆ. ಪ್ರತಿ ಸಲ ತೋಟ ಬದಲಾದಾಗಲೂ ಸಾಲ ಬೆಳೆಯುತ್ತಿತ್ತು. ಆಳುಗಳಿಗೆ ತಮ್ಮ ಹೆಸರು ಎಲ್ಲೆಲ್ಲಿ ತಿರುಗಿ ಬಂತು, ಎಷ್ಟಕ್ಕೆ ಮಾತಾಯಿತು ಎಂಬುದೇ ಗೊತ್ತಾಗುತ್ತಿರಲಿಲ್ಲ. 1921ರಲ್ಲಿ ಸಿಲೋನ್ ಸರ್ಕಾರ ಕಾನೂನು ಮಾಡಿ ತುಂಡನ್ನು ನಿಷೇಧಿಸಿತು.

ನಮ್ಮ ಹೆಸರು ಯಾರ ಯಾರ ಇನ್‌ಬಾಕ್ಸಿನಲ್ಲಿ ಎಷ್ಟೆಷ್ಟು ದರಕ್ಕೆ ತಿರುಗಿ ಬಂದಿದೆ ಎಂದು ಗೊತ್ತಿಲ್ಲದ ನಮಗೆ ಆ ಆಳುಗಳ ಪಾಡು ತೀರಾ ದೂರದ್ದೇನಲ್ಲ. ಆದರೆ ಒಂದು ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಹೇಳಬೇಕು. ಅವರಿಗೆ ಬಿಟ್ಟು ಹೋದರೆ ಜೈಲಿತ್ತು. ನಮಗಿಲ್ಲ. ಹೋಲಿಕೆ ಇರುವುದು ಕಷ್ಟದ ಅಳತೆಯಲ್ಲಿ ಅಲ್ಲ, ಮಾರುಕಟ್ಟೆಯ ಕಟ್ಟಡದಲ್ಲಿ.

ಕೋಲಾರದ ಚಿನ್ನದ ಗಣಿಯ ಕತೆ ಇನ್ನೊಂದು ಬಗೆಯದು. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದ ಆ ಗಣಿಗಳಲ್ಲಿ ಸಾವಿರಾರು ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ದೊಡ್ಡ ಪಾಲು ಕಂಟ್ರಾಕ್ಟರುಗಳ ಕೈಕೆಳಗೆ. ಗಣಿಗಳೂ ಹಲವು, ಕಂಟ್ರಾಕ್ಟರುಗಳೂ ಹಲವರು. ಒಂದು ಕಡೆ ಬೇಡವಾದವನು ಇನ್ನೊಂದು ಕಡೆ ಇನ್ನೊಬ್ಬ ಕಂಟ್ರಾಕ್ಟರನ ಕೆಳಗೆ ಸೇರಿಕೊಳ್ಳಬಹುದಿತ್ತು. ಯಾರು ಯಾರೆಂದು ಖಚಿತವಾಗಿ ಗುರುತಿಡಬೇಕೆಂದು ಕಂಪನಿಗಳು ಬೆರಳಚ್ಚಿನ ನೋಂದಣಿಗೆ ಹೊರಟವು. ಒಮ್ಮೆ ಬೆರಳೊತ್ತಿದರೆ, ಒಂದು ಗಣಿಯಲ್ಲಿ ಕೆಟ್ಟ ಹೆಸರು ಬಂದವನಿಗೆ ಯಾವ ಗಣಿಯಲ್ಲೂ ಜಾಗ ಇರುವುದಿಲ್ಲ ಎಂಬ ಭಯ ಕಾರ್ಮಿಕರದು. 1930ರಲ್ಲಿ ಇದರ ವಿರುದ್ಧವೇ ಕೆಜಿಎಫ್‌ನಲ್ಲಿ ಭಾರೀ ಮುಷ್ಕರ ನಡೆಯಿತು. ಆ ಹೊತ್ತಿಗೆ ಅಲ್ಲಿ ಗಟ್ಟಿಯಾದ ಕಾರ್ಮಿಕ ಸಂಘವೇ ಇರಲಿಲ್ಲ ಎಂಬುದನ್ನು ನೆನೆದರೆ, ಹಲವು ಬಾಗಿಲು ತಟ್ಟುವ ಸ್ವಾತಂತ್ರ್ಯ ಅವರಿಗೆ ಎಷ್ಟು ಮುಖ್ಯವಾಗಿತ್ತು ಎಂಬುದು ತಿಳಿಯುತ್ತದೆ.

ಇದು ನಾವು ಮರೆಯುವ ಮಗ್ಗುಲು. ಮಧ್ಯವರ್ತಿಗಳು ಹಲವರಿರುವುದು ಬರೀ ಕಾಟವಲ್ಲ. ಒಬ್ಬನೇ ಇದ್ದರೆ ಅವನು ಹೇಳಿದ್ದೇ ದರ, ಅವನು ಮುನಿದರೆ ಊರೇ ಬಿಡಬೇಕು. ಹಲವರಿದ್ದರೆ ಚೌಕಾಸಿಗೆ ಜಾಗ ಇರುತ್ತದೆ. ಗಚ್ಚಿಬೌಲಿಯಲ್ಲಿ ಎರಡನೆಯ ರಿಕ್ರೂಟರ್ ಹತ್ತು ಸಾವಿರ ಹೆಚ್ಚು ಹೇಳಿದಾಗಲೇ ಮೊದಲನೆಯವರು ನಮಗೆ ಎಷ್ಟು ಕಡಿಮೆ ಹೇಳಿದ್ದರೆಂದು ಗೊತ್ತಾಗುವುದು.

1929ರಲ್ಲಿ ವಿಟ್ಲಿ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಕಾರ್ಮಿಕ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಗಿರಣಿಗಳಲ್ಲಿ ಜಾಬರ್‌ಗೆ ‘ದಸ್ತೂರಿ’ ಕೊಡದೆ ಕೆಲಸ ಸಿಗದು, ಸಿಕ್ಕರೂ ಉಳಿಯದು ಎಂಬುದು ಅದರಲ್ಲಿ ವಿವರವಾಗಿ ದಾಖಲಾಗಿದೆ. ನೇಮಕಾತಿಯನ್ನು ಜಾಬರ್ ಕೈಯಿಂದ ಬಿಡಿಸಿ ಲೇಬರ್ ಆಫೀಸರ್‌ಗೆ ಕೊಡಿ ಎಂದಿತು ಆಯೋಗ. 1945ರಲ್ಲಿ, ಯುದ್ಧ ಮುಗಿಸಿ ಬರುವ ಸೈನಿಕರಿಗಾಗಿ, ಸರ್ಕಾರಿ ಉದ್ಯೋಗ ವಿನಿಮಯ ಕೇಂದ್ರಗಳು ಹುಟ್ಟಿದವು. ಮಧ್ಯವರ್ತಿಯ ಜಾಗದಲ್ಲಿ ಸರ್ಕಾರವೇ ನಿಲ್ಲುವ ಪ್ರಯತ್ನ ಅದು. ನಮ್ಮ ಅಪ್ಪಂದಿರ ಕಾಲದವರು ಎಸ್ಸೆಸ್ಸೆಲ್ಸಿ ಆದ ಕೂಡಲೇ ‘ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್’ನಲ್ಲಿ ಹೆಸರು ಬರೆಸಿ, ಕಾರ್ಡ್ ರಿನ್ಯೂ ಮಾಡಿಸುತ್ತ ವರ್ಷಗಟ್ಟಲೆ ಕಾದದ್ದು ಇದರ ಮುಂದೆಯೇ.

1970ರಲ್ಲಿ ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂತು. ಇದರಲ್ಲಿ ದಿಕ್ಕು ಬದಲಾದದ್ದನ್ನು ನೋಡಬೇಕು. ಇಲ್ಲಿಯವರೆಗೆ ಪಟ್ಟಿಗೆ ಸೇರುತ್ತಿದ್ದದ್ದು ಕಾರ್ಮಿಕನ ಹೆಸರು, ಅವನ ಸಾಲ, ಅವನ ಬೆರಳು. ಈ ಕಾಯ್ದೆ ಮಧ್ಯವರ್ತಿಯನ್ನೇ ಪಟ್ಟಿಗೆ ಸೇರಿಸಿತು. ಇಪ್ಪತ್ತು ಅಥವಾ ಹೆಚ್ಚು ಜನರನ್ನು ಇಟ್ಟ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕು. ಅವನು ಸಂಬಳ ಕೊಡದೆ ಕೈಯೆತ್ತಿದರೆ, ಮೂಲ ಮಾಲೀಕನೇ ಕೊಟ್ಟು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. 1979ರಲ್ಲಿ ಬೇರೆ ರಾಜ್ಯಕ್ಕೆ ಕರೆದೊಯ್ಯುವ ಕೂಲಿಕಾರರಿಗಾಗಿ ಇನ್ನೊಂದು ಕಾಯ್ದೆ ಬಂದು, ಪ್ರತಿಯೊಬ್ಬರಿಗೂ ವಿವರ ತುಂಬಿದ ಪಾಸ್‌ಬುಕ್ ಕೊಡಬೇಕೆಂದಿತು. 1983ರ ವಲಸೆ ಕಾಯ್ದೆ ಹೊರದೇಶಕ್ಕೆ ಕಳಿಸುವ ಏಜೆಂಟರ ನೋಂದಣಿಯನ್ನು ಕಡ್ಡಾಯ ಮಾಡಿತು. 1970 ಮತ್ತು 1979ರ ಕಾಯ್ದೆಗಳ ಜಾಗಕ್ಕೆ 2020ರಲ್ಲಿ ಸಂಸತ್ತು ಹೊಸ ಸಂಹಿತೆಯನ್ನು ಅಂಗೀಕರಿಸಿತು. 2025ರ ನವೆಂಬರ್ 21ರಂದು ಅದು ಜಾರಿಗೆ ಬಂತು. ಅದರಲ್ಲಿ ಇಪ್ಪತ್ತರ ಮಿತಿ ಐವತ್ತಕ್ಕೆ ಏರಿದೆ. ಸಂಬಳದ ಕೊನೆಯ ಹೊಣೆ ಮೂಲ ಮಾಲೀಕನದು ಎಂಬ ತತ್ವ ಉಳಿದಿದೆ.

ಇನ್ನು ಹೈದರಾಬಾದಿಗೆ ಬರೋಣ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳಿಗೆ ಇದೇ ರಾಜಧಾನಿ. ಆ ಕಡೆಯವರಿಗೆ ಇಲ್ಲಿಗೆ ಬರುವುದೆಂದರೆ ಪರದೇಶಕ್ಕೆ ಬಂದ ಹಾಗಲ್ಲ. ರಾಯಚೂರು, ಯಾದಗಿರಿಗಳ ಪಕ್ಕದ ಮಹಬೂಬನಗರದಿಂದ ಮೇಸ್ತ್ರಿಗಳ ಹಿಂದೆ ಹೊರಟ ‘ಪಾಲಮೂರು ಲೇಬರ್’ ದೇಶದ ಎಷ್ಟೋ ಅಣೆಕಟ್ಟುಗಳನ್ನು ಕಟ್ಟಿತು. ಅದೇ ಮುಂಗಡ, ಅದೇ ಮೇಸ್ತ್ರಿ, ಅದೇ ತಲೆಗಿಷ್ಟು. ಗಚ್ಚಿಬೌಲಿಯ ಸುತ್ತಲಿನ ಕಟ್ಟಡಗಳಲ್ಲಿ ಸಿಮೆಂಟು ಹೊತ್ತವರಲ್ಲಿ ಕಲಬುರಗಿ, ಯಾದಗಿರಿ ಕಡೆಯ ಮಾತಾಡುವವರು ಇಂದಿಗೂ ಸಿಗುತ್ತಾರೆ.

1998ರ ನವೆಂಬರಿನಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಅದೇ ವರ್ಷ ಅಮೆರಿಕ ತನ್ನ ಎಚ್‌1ಬಿ ವೀಸಾಗಳ ವಾರ್ಷಿಕ ಮಿತಿಯನ್ನು 65,000ದಿಂದ 1,15,000ಕ್ಕೆ ಏರಿಸಿತು, ಆಮೇಲೆ 1,95,000ಕ್ಕೆ. ವೈಟುಕೆಯ ಗಡಿಬಿಡಿ ಬೇರೆ. ಅಮೀರ್‌ಪೇಟೆಯ ಓಣಿಗಳಲ್ಲಿ ಕೋರ್ಸು ಮುಗಿಸಿದವರನ್ನು ಅಮೆರಿಕ, ಆಸ್ಟ್ರೇಲಿಯಾಗಳಿಗೆ ಕಳಿಸುವ ‘ಬಾಡಿ ಶಾಪ್’ಗಳು ಹುಟ್ಟಿಕೊಂಡವು. ಈ ವ್ಯವಹಾರವನ್ನು ಹತ್ತಿರದಿಂದ ನೋಡಲು ಶಿಯಾಂಗ್ ಬಿಯಾವ್ ಎಂಬ ಚೀನೀ ಮಾನವಶಾಸ್ತ್ರಜ್ಞ ಹೈದರಾಬಾದಿನಲ್ಲೂ ಸಿಡ್ನಿಯಲ್ಲೂ ತೆಲುಗು ಟೆಕ್ಕಿಗಳ ನಡುವೆ ಓಡಾಡಿದರು. ಅವರ ‘ಗ್ಲೋಬಲ್ ಬಾಡಿ ಶಾಪಿಂಗ್’ ಪುಸ್ತಕ 2007ರಲ್ಲಿ ಬಂತು. ಊರಿನ ಏಜೆಂಟನಿಂದ ವಿದೇಶದ ಏಜೆಂಟನಿಗೆ, ಅವನಿಂದ ಇನ್ನೊಬ್ಬನಿಗೆ, ಅಲ್ಲಿಂದ ಕಂಪನಿಗೆ ಎಂದು ಒಬ್ಬ ಪ್ರೋಗ್ರಾಮರ್ ಹೇಗೆ ಕೈ ಬದಲಾಗುತ್ತಾನೆ, ಕೆಲಸವಿಲ್ಲದ ದಿನಗಳಲ್ಲಿ ಹೇಗೆ ‘ಬೆಂಚಿನ’ ಮೇಲೆ ಕೂರುತ್ತಾನೆ ಎಂಬುದೆಲ್ಲ ಅದರಲ್ಲಿದೆ. ಮಾರುಕಟ್ಟೆ ಬಿದ್ದಾಗ ನಷ್ಟವನ್ನು ಕಂಪನಿಯಿಂದ ಏಜೆಂಟನಿಗೆ, ಏಜೆಂಟನಿಂದ ಕೆಲಸಗಾರನಿಗೆ ಇಳಿಸಿಬಿಡುವುದಕ್ಕೆ ಈ ಸರಪಳಿ ಹೇಳಿ ಮಾಡಿಸಿದಂತಿದೆ. ಬೆಂಚಿನ ಮೇಲೆ ಕೂತವನಿಗೂ ಎಚ್‌1ಬಿ ಮಾಲೀಕ ಸಂಬಳ ಕೊಡಲೇಬೇಕೆಂದು ಅಮೆರಿಕ 1998ರಲ್ಲೇ ಕಾನೂನು ಮಾಡಿತ್ತು. ಕೊಡದವರ ಮೇಲೆ ದೂರು ಹೇಳುವ ಧೈರ್ಯ ವೀಸಾದ ಮೇಲಿದ್ದ ಎಷ್ಟು ಜನಕ್ಕೆ ಬರುತ್ತದೆ?

ಆ ಸರಪಳಿ ಈಗ ಮನೆಗೇ ಬಂದಿದೆ. ಒಂದು ಲೆಕ್ಕ ಹಾಕಿ ನೋಡಿ. ಕಂಪನಿ ಒಂದು ಹುದ್ದೆಗೆ ತಿಂಗಳಿಗೆ ಒಂದೂವರೆ ಲಕ್ಷ ಕೊಡುತ್ತದೆ ಎಂದಿಟ್ಟುಕೊಳ್ಳಿ. ನಡುವೆ ಮೂರು ಕೈಗಳು, ಒಬ್ಬೊಬ್ಬರೂ ತಮಗೆ ಬಂದದ್ದರಲ್ಲಿ ನೂರಕ್ಕೆ ಹದಿನೈದು ಹಿಡಿದುಕೊಂಡರೆ, ಕೆಲಸ ಮಾಡುವವನ ಕೈಗೆ ಮುಟ್ಟುವುದು ತೊಂಬತ್ತೆರಡು ಸಾವಿರದಷ್ಟು. ಅದರಲ್ಲಿ ಪಿಎಫ್, ತೆರಿಗೆ ಬೇರೆ. ಅದೇ ಕೆಲಸಕ್ಕೆ ಒಂದೇ ಕೈ ಇದ್ದಿದ್ದರೆ ಒಂದು ಲಕ್ಷ ಇಪ್ಪತ್ತೇಳೂವರೆ ಸಾವಿರ. ಹಾಗಾಗಿ ‘ದರ ಎಷ್ಟು’ ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು ‘ನಿಮಗೂ ಕಂಪನಿಗೂ ನಡುವೆ ಎಷ್ಟು ಜನ, ಸಂಬಳದ ಚೀಟಿಯಲ್ಲಿ ಯಾರ ಹೆಸರಿರುತ್ತದೆ’ ಎಂದು. ನಾಳೆ ಪಿಎಫ್ ಕಟ್ಟದಿದ್ದರೆ, ಕೊನೆಯ ತಿಂಗಳ ಸಂಬಳ ನಿಂತರೆ, ಕಾನೂನಿನ ಬಾಗಿಲು ತಟ್ಟಲು ಬೇಕಾಗುವುದು ಆ ಹೆಸರೇ.

ಈ ಇತಿಹಾಸದಿಂದ ನಾನು ಮುಖ್ಯವಾಗಿ ಕಲಿತದ್ದು ಒಂದು ಮಾತು. ಪ್ರತಿ ಕಾಲದಲ್ಲೂ ಪೆಟ್ಟು ತಿಂದವನು, ತನ್ನ ಬಗೆಗಿನ ಕಾಗದ ತನ್ನ ಕೈಯಲ್ಲಿಲ್ಲದವನು. ತುಂಡು ಕಂಗಾಣಿಯ ಹತ್ತಿರ ಇತ್ತು, ಸಾಲದ ಲೆಕ್ಕ ತೋಟದ ಆಫೀಸಿನಲ್ಲಿತ್ತು, ಬೆರಳಚ್ಚು ಗಣಿಯ ಕಪಾಟಿನಲ್ಲಿರಬೇಕಿತ್ತು. ಈಗ ರಿಕ್ರೂಟರುಗಳು ಕೇಳುವ ‘ರೈಟ್ ಟು ರೆಪ್ರೆಸೆಂಟ್’ ಮೇಲ್ ನಮ್ಮ ಕಾಲದ ತುಂಡು. ವ್ಯತ್ಯಾಸ ಇಷ್ಟೇ, ಇದನ್ನು ಬರೆಯುವವರು ನಾವು. ಕಂಪನಿಯ ಹೆಸರು, ಹುದ್ದೆಯ ನಂಬರು, ದರ, ತಾರೀಖು ಇಲ್ಲದ ಮೇಲ್‌ಗೆ ‘ಓಕೆ’ ಎಂದು ಉತ್ತರಿಸುವುದೆಂದರೆ ಖಾಲಿ ತುಂಡಿಗೆ ಸಹಿ ಹಾಕಿದ ಹಾಗೆ. ಒಂದು ಹುದ್ದೆಗೆ ಒಬ್ಬರಿಗೇ ಒಪ್ಪಿಗೆ, ಆ ಒಂದು ಹುದ್ದೆಗೆ ಮಾತ್ರ, ಇಷ್ಟು ದಿನಕ್ಕೆ ಮಾತ್ರ ಎಂದು ಬರೆದು ಕೊಟ್ಟರೆ ಉಳಿದ ಬಾಗಿಲುಗಳು ತೆರೆದೇ ಇರುತ್ತವೆ. ಎರಡನೆಯವರು ಅದೇ ಹುದ್ದೆಗೆ ಕರೆದಾಗ ‘ಆಗಲೇ ಹೆಸರು ಹೋಗಿದೆ, ಬೇರೆ ಇದ್ದರೆ ಹೇಳಿ’ ಎನ್ನುವುದರಲ್ಲಿ ಅವಮಾನವೇನಿಲ್ಲ. ಕೆಲಸ ಬಲ್ಲ ರಿಕ್ರೂಟರಿಗೆ ಅದರಿಂದ ಗೌರವವೇ ಹೆಚ್ಚುತ್ತದೆ. ಯಾರಿಗೆ, ಯಾವತ್ತು, ಯಾವ ಕಂಪನಿಗೆ ಹೂಂ ಎಂದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಉಪಾಸಿ ಮೇಸ್ತ್ರಿಗಳ ಲೆಕ್ಕ ಇಟ್ಟಂತೆ ನಾವೂ ನಮ್ಮ ಮೇಸ್ತ್ರಿಗಳ ಲೆಕ್ಕ ಇಡುವುದು, ಅಷ್ಟೇ.

ಹಾಗೆಯೇ ಮಾರ್ಕ್ಸ್ ಕಾರ್ಡಿನ ಒರಿಜಿನಲ್, ತಾರೀಖಿಲ್ಲದ ಚೆಕ್ಕು, ಇವನ್ನು ಮುಂಚಿತವಾಗಿ ಕೇಳುವವರು ಹಳೆಯ ಮುಂಗಡದ ಹಗ್ಗವನ್ನೇ ಹೊಸ ಬಣ್ಣದಲ್ಲಿ ತಂದವರು. ಕೆಲಸ ಬಿಟ್ಟ ಮೇಲೆ ಇನ್ನೆಲ್ಲೂ ಸೇರಬಾರದು ಎಂಬ ಷರತ್ತಿಗೆ 1872ರ ಕರಾರು ಕಾಯ್ದೆಯ 27ನೇ ಕಲಮು ಸಾಮಾನ್ಯವಾಗಿ ಬೆಲೆ ಕೊಡುವುದಿಲ್ಲ. ಆ ಕಾಯ್ದೆ ಕೊಡಗಿನ ಆಳು ಜೈಲಿಗೆ ಹೋಗುತ್ತಿದ್ದ ದಿನಗಳಲ್ಲೂ ಪುಸ್ತಕದಲ್ಲಿ ಇತ್ತು. ಅದು ಅವನ ತನಕ ಇಳಿಯಲಿಲ್ಲ, ಯಾಕೆಂದರೆ ಅವನಿಗೆ ಅದನ್ನು ಓದಿ ಹೇಳುವವರಿರಲಿಲ್ಲ.

2014ರಲ್ಲಿ ಬಂದ ಪಿಎಫ್‌ನ ಯುಎಎನ್ ನಂಬರನ್ನು ಈ ಬೆಳಕಿನಲ್ಲಿ ನೋಡಬೇಕು. ಒಂದು ಅರ್ಥದಲ್ಲಿ ಅದು ಕೆಜಿಎಫ್‌ನವರು ಹೆದರಿದ ಬೆರಳಚ್ಚೇ. ಎಲ್ಲೆಲ್ಲಿ, ಯಾರ ಕೆಳಗೆ ದುಡಿದೆವು ಎಂಬುದೆಲ್ಲ ಅದರಲ್ಲಿ ಮೂಡುತ್ತದೆ. ಆದರೆ ಗುತ್ತಿಗೆದಾರ ಬದಲಾದರೂ ಆ ನಂಬರು ಬದಲಾಗದು, ಮತ್ತು ಅದರ ಪಾಸ್‌ಬುಕ್ ತೆರೆದು ನೋಡುವ ಕೀಲಿ ನಮ್ಮ ಹತ್ತಿರವೂ ಇದೆ. ತಿಂಗಳಿಗೊಮ್ಮೆ ತೆರೆದು ನೋಡುವವನಿಗೆ ಅದು ಕಾವಲು, ನೋಡದವನಿಗೆ ಬೇಲಿ.

ಗಚ್ಚಿಬೌಲಿಯ ಒಂದೇ ರಸ್ತೆಯಲ್ಲಿ ಬೆಳಿಗ್ಗೆ ಎರಡು ಗುಂಪುಗಳು ಎದುರಾಗುತ್ತವೆ. ಒಂದು ಗುಂಪಿನವರ ಕೊರಳಲ್ಲಿ ಐಡಿ ಕಾರ್ಡು. ಪಟ್ಟಿಯ ಬಣ್ಣ ನೋಡಿಯೇ ಕಂಪನಿಯವರು ಯಾರು, ಕಾಂಟ್ರಾಕ್ಟಿನವರು ಯಾರು ಎಂದು ಎಷ್ಟೋ ಕಡೆ ಹೇಳಬಹುದು. ಇನ್ನೊಂದು ಗುಂಪಿನವರ ತಲೆಯ ಮೇಲೆ ಹೆಲ್ಮೆಟ್ಟು, ಕೈಯಲ್ಲಿ ಬುತ್ತಿ. ಒಬ್ಬರನ್ನು ತಂದದ್ದು ರಿಕ್ರೂಟರ್, ಇನ್ನೊಬ್ಬರನ್ನು ತಂದದ್ದು ಮೇಸ್ತ್ರಿ. ಆ ಎರಡನೆಯ ಗುಂಪಿನವರಿಗೆ ಮೇಲ್ ಬರೆದು ಒಪ್ಪಿಗೆ ಕೇಳುವವರು ಇನ್ನೂ ಬಂದಿಲ್ಲ.